ಎದೆಯ ಮೇಲಿನ ಫರಸಿ

ಪೆಪ್ಪರ್‌ಮಿಂಟಿನ ವಾಸನೆ, ಅದರ ಬೆನ್ನಿಗೇ ಓಮದ್ದು, ಮತ್ತೆ ಎಲ್ಲಿಂದಲೋ ಎಂಜಿನ್ನಿನ ಕಲ್ಲಿದ್ದಲ ಹೊಗೆ, ಮತ್ತೆ ಎದೆಯೊಳಗೆ ಆ ತಪ್ಪಿದ ಬಡಿತ — ಒಂದು, ಎರಡು, ಮೂರು, ಆಮೇಲೆ ಏನೂ ಇಲ್ಲ, ಬಾವಿಗೆ ಕಲ್ಲು ಹಾಕಿ ಸಪ್ಪಳಕ್ಕೆ ಕಾಯುವಷ್ಟು ಹೊತ್ತು ಏನೂ ಇಲ್ಲ, ಆಮೇಲೆ ಧಡ್ ಎಂದು ಒಂದು — ಇಸಾಕ ಕೈಯಲ್ಲಿದ್ದ ಅಳತೆಯ ಗಾಜನ್ನು ಮೇಜಿನ ಮೇಲಿಟ್ಟು ತನ್ನ ಮಣಿಕಟ್ಟನ್ನು ತಾನೇ ಒತ್ತಿ ಹಿಡಿದ, ಯಾರೂ ನೋಡಲಿಲ್ಲ, ನೋಡಿದರೂ ಕಂಪೌಂಡರ್ ಸಾಹೇಬರು ಗಡಿಯಾರದ ಪಟ್ಟಿ ಸರಿಮಾಡಿಕೊಳ್ಳುತ್ತಿದ್ದಾರೆ ಎಂದುಕೊಂಡಾರು, ಇಪ್ಪತ್ತೆಂಟು ವರ್ಷದಿಂದ ಇದೇ ಕಿಟಕಿಯ ಹಿಂದೆ ನಿಂತವನು, ವಾಡಿ ಸ್ಟೇಷನ್ನಿಗೆ ಕೂಗಳತೆಯ ಈ ಧರ್ಮಾರ್ಥ ದವಾಖಾನೆಯಲ್ಲಿ, ಫರಸಿಕಲ್ಲಿನ ವ್ಯಾಪಾರಿಯೊಬ್ಬರು ತಾಯಿಯ ಹೆಸರಿನಲ್ಲಿ ಕಟ್ಟಿಸಿದ್ದು, ನೆಲಕ್ಕೂ ಫರಸಿಯ ಚಪ್ಪಡಿ, ಗೋಡೆಗೂ ಫರಸಿ, ಮಾಳಿಗೆಗೂ ಫರಸಿಯನ್ನೇ ಹೊದಿಸಿದ್ದಾರೆ, ಚೈತ್ರದ ಬಿಸಿಲಿಗೆ ಹತ್ತು ಗಂಟೆಗೇ ಕಾದು ತಲೆಯ ಮೇಲೆ ತವೆ ಇಟ್ಟಂತಾಗುತ್ತದೆ, ಬೆವರು ಅದರದ್ದೇ ಇರಬೇಕು, ಬೆವರು ಬಿಸಿಲಿನದ್ದೇ, ಆದರೆ ಬಿಸಿಲಿನ ಬೆವರು ಹೀಗೆ ತಣ್ಣಗಿರುವುದಿಲ್ಲ ಎಂಬುದು ಅವನಿಗಿಂತ ಚೆನ್ನಾಗಿ ಇಲ್ಲಿ ಯಾರಿಗೆ ಗೊತ್ತು, ಬೆಳಿಗ್ಗೆ ಹೆಂಡತಿ ಆಶಾಬಿ ರೊಟ್ಟಿಯ ತಾಟು ಮುಂದೆ ಸರಿಸಿ ಇವತ್ತಾದ್ರೂ ಒಂದು ಪೂರಾ ತಿನ್ರಿ ಅಂದಳು, ಅರ್ಧ ಮುರಿದು ಎದ್ದ, ಒಂಬತ್ತು ವರ್ಷದಿಂದ ಅರ್ಧ ರೊಟ್ಟಿ, ನಿಮಗ ಏನಾಗ್ಯಾದ ಅಂತ ಮೊದಲ ಎರಡು ವರ್ಷ ಕೇಳಿದಳು, ಆಮೇಲೆ ಕೇಳುವುದನ್ನು ಬಿಟ್ಟು ನೋಡುವುದನ್ನು ಮಾತ್ರ ಇಟ್ಟುಕೊಂಡಳು, ಮುಂದ ಬರ್ರಿ, ಯಾರದ ಪಾಳಿ, ಶೀಸೆ ತಂದೀರೇನು, ಎಂದು ಬಾಯಿ ತಾನಾಗಿ ಕೂಗುತ್ತಿದೆ, ಬಾಯಿಗೆ ಅವನ ಅಗತ್ಯವಿಲ್ಲ, ಮತ್ತೆ ಮೂರಾದ ಮೇಲೆ ಖಾಲಿ — ಅಣ್ಣ ಮಶಾಕ ಭಾಯಿ ಕಲ್ಲು ಕಡಿಯುವ ಚಾಣದ ಮೇಲೆ ಸುತ್ತಿಗೆ ಹಾಕುತ್ತಿದ್ದದ್ದೂ ಹೀಗೇ, ಠಣ್ ಠಣ್ ಠಣ್, ಮೂರು ಏಟು, ಆಮೇಲೆ ನಿಲ್ಲಿಸಿ ಬಾಗಿ ಕಲ್ಲಿನ ಪುಡಿಯನ್ನು ಬಾಯಿಂದ ಊದುತ್ತಿದ್ದ, ಮತ್ತೆ ಮೂರು, ಈಗ ಎದೆಯೊಳಗೆ ಕೂತು ಕಡಿಯುತ್ತಿರುವವನು ಅವನೇ, ನಿಲ್ಲಿಸಿದಾಗ ಊದುತ್ತಾನೆ, ಊದಿದ್ದು ಪಕ್ಕೆಲುಬಿಗೆ ತಣ್ಣಗೆ ತಾಗುತ್ತದೆ.

ಸಾಬ್ರ, ಇವತ್ತ ಭಾಳ ಆಗ್ಯಾದ್ರಿ. ತಲೆ ಎತ್ತದೆಯೂ ಗೊತ್ತಾಯಿತು, ಹಣಮವ್ವ, ಮಗಳು ಹೆರಿಗೆಯಲ್ಲಿ ಹೋದ ಮೇಲೆ ನಾಲ್ಕು ತಿಂಗಳಲ್ಲಿ ಹನ್ನೆರಡನೆಯ ಸಲ ಬಂದ ಹಣಮವ್ವ, ಹೊಲದ ಕೂಲಿಯ ಕೈ ಕಿಟಕಿಯ ಕಟ್ಟೆಯ ಮೇಲೆ, ಉಗುರಿನ ಬುಡ ನೀಲಿ, ಯಾವಾಗಿನಿಂದ ನೀಲಿ, ಹೋದ ವಾರವೂ ನೀಲಿ ಇತ್ತೇ, ನೋಡಿರಲಿಲ್ಲ, ಹನ್ನೊಂದು ಸಲವೂ ಕೈ ನೋಡಿರಲಿಲ್ಲ, ಶೀಸೆ ಮಾತ್ರ ನೋಡಿದ್ದ. ಏನಾಗ್ತದ ಹೇಳು ಯವ್ವಾ. ಏನು ಹೇಳಲ್ರಿ, ಎದಿ ಮ್ಯಾಲ ಫರಸಿ ಹೇರಿದಂಗ ಆಗ್ತದ, ಮಲಗಿದ್ರ ಉಸುರೇ ಬರವಲ್ದು, ಗ್ವಾಡಿಗಿ ಆತು ಕುಂತಿರ್ತೀನಿ. ಅವಳ ಹಿಂದೆ ಪಾಳಿಯಲ್ಲಿದ್ದ ಅನಸುಬಾಯಿ, ಸ್ಟೇಷನ್ನಿನ ಹತ್ತಿರ ಚಹಾದ ಅಂಗಡಿಯವಳು, ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಅಂದಳು, ದಿನಾ ಇದೇ ಆತಲ್ಲವಾ ನಿಂದು, ಮಗಳು ಹ್ವಾದ ದುಃಖ ಯಾರಿಗಿಲ್ಲ, ಅದಕ್ಕೇನು ಶೀಸ್ಯಾಗ ಔಷಧ ಇರ್ತದೇನು, ಸಾಬ್ರ, ಆಕೀಗಿ ಒಂದ ಗುಟುಕು ಹಾಕಿ ಕಳಿಸ್ರಿ, ನಮಗೂ ಹೊತ್ತಾಗ್ಯಾದ. ಹಿಂದೆ ಯಾರೋ ನಕ್ಕರು. ಹಣಮವ್ವ ನಗಲಿಲ್ಲ, ಸಿಟ್ಟಾಗಲೂ ಇಲ್ಲ, ತಪ್ಪು ಮಾಡಿದವಳಂತೆ ಕಟ್ಟೆಯಿಂದ ಕೈ ತೆಗೆದು ಸೀರೆಯೊಳಗೆ ಅಡಗಿಸಿದಳು, ಇಸಾಕನ ಕೈ ಆಗಲೇ ಗುಲಾಬಿ ಬಣ್ಣದ ದೊಡ್ಡ ಬಾಟಲಿಯ ಕುತ್ತಿಗೆ ಹಿಡಿದಿತ್ತು, ಗ್ಯಾಸಿನ ಮಿಕ್ಸ್ಚರ್, ಸೋಡಾ, ಓಮ, ಪೆಪ್ಪರ್‌ಮಿಂಟು, ಕುಡಿದರೆ ತೇಗು ಬರುತ್ತದೆ, ತೇಗು ಬಂದರೆ ಸಮಾಧಾನ ಬರುತ್ತದೆ, ಯಾರನ್ನು ಬೇಗ ಕಳಿಸಬೇಕೋ ಅವರಿಗೆಲ್ಲ ಇದೇ, ಫರಸಿ ಹೇರಿದಂಗ ಅಂದಳಲ್ಲ, ಫರಸಿ ಅಂದಳಲ್ಲ, ಬಾಟಲಿ ಓರೆಯಾಯಿತು, ಹನಿಯಲಿಲ್ಲ, ಇವಳು ಆ ಮಾತನ್ನು ಎಲ್ಲಿಂದ ತಂದಳು, ಇವಳು ಫರಸಿಯ ಖಣಿಯಲ್ಲಿ ಕೆಲಸ ಮಾಡಿದವಳಲ್ಲ.

ಖಣಿಯಲ್ಲಿ ಮಾಡಿದವನು ಮಶಾಕ ಭಾಯಿ, ಶಹಾಬಾದದ ಖಣಿಗಳಲ್ಲಿ, ಹದಿಮೂರನೆಯ ವಯಸ್ಸಿನಿಂದ, ಅಬ್ಬಾ ತೀರಿಕೊಂಡಾಗ ಇಸಾಕ ಇನ್ನೂ ಎದೆಹಾಲು ಬಿಡದ ಕೂಸು, ಅಣ್ಣನೇ ಅಬ್ಬಾ ಆದ, ನೀ ಕಲ್ಲು ಮುಟ್ಟಬ್ಯಾಡ ಅಂದ, ನಿನ್ನ ಬೆರಳು ಅಕ್ಷರ ಬರಿಯೂ ಬೆರಳು, ಕಲ್ಲು ಮುಟ್ಟಿದ್ರ ಕೆಡ್ತಾವ, ಗುಲಬರ್ಗಾದಲ್ಲಿ ಕಂಪೌಂಡರ್ ಕೆಲಸ ಕಲಿಯಲು ಕಳಿಸಿದ, ಕಲಿತು ಬಂದು ಮೊದಲ ದಿನ ಈ ಕಿಟಕಿಯ ಹಿಂದೆ ಬಿಳಿ ಕೋಟು ಹಾಕಿ ನಿಂತಾಗ ಅಣ್ಣ ಶಹಾಬಾದದಿಂದ ರೈಲು ಹತ್ತಿ ಬಂದು ಪಾಳಿಯಲ್ಲಿ ನಿಂತಿದ್ದ, ಏನಾಗ್ಯಾದ ಭಾಯಿ ಅಂದರೆ ಏನೂ ಆಗಿಲ್ಲ, ನಿನ್ನ ನೋಡಾಕ ನಿಂತೀನಿ, ಪಾಳಿ ಬಂದ ಮ್ಯಾಲ ನೋಡಬೇಕಲ್ಲ, ಪಾಳಿ ಮುರೀಬಾರದು ಅಂತ ನಕ್ಕಿದ್ದ, ಎಲ್ಲರ ಎದುರು, ಹಲ್ಲಿನ ಸಂದಿಯಲ್ಲೂ ಕಲ್ಲಿನ ಪುಡಿ. ಅಣ್ಣನ ಹೆಂಡತಿ ಇಮಾಮ್ಬೀ ಭಾಬಿ ಮುದ್ದತಿನ ಜ್ವರ ಬಂದು, ಅದೇ ಟೈಫಾಯಿಡ್, ತೀರಿಹೋದಾಗ ಅಣ್ಣ ಅಳಲಿಲ್ಲ, ಅತ್ತಿದ್ದರೆ ಗೊತ್ತಾಗುತ್ತಿತ್ತು, ನಲವತ್ತನೆಯ ದಿನದ ಫಾತೇಹಾ ಆದ ಮರುದಿನ ಖಣಿಗೆ ಹೋದ, ಚಾಣ ಹಿಡಿದ, ಹಿಡಿದುಕೊಂಡೇ ಕೂತ, ಸಂಜೆಯವರೆಗೆ ಒಂದು ಏಟೂ ಹಾಕಲಿಲ್ಲವಂತೆ, ಆಮೇಲೆ ಹೋಗಲೇ ಇಲ್ಲ. ಆಶಾಬಿ ಅಂದಳು, ಇಲ್ಲಿಗೇ ಕರಕೊಂಡು ಬರ್ರಿ, ಒಬ್ಬರೇ ಮನ್ಯಾಗ ಏನು ಮಾಡ್ತಾರ. ಕರೆತಂದ. ಬಂದವನು ಅಂಗಳದ ಗೋಡೆಗೆ ಬೆನ್ನು ಹಚ್ಚಿ ಕೂತ, ಬಿಸಿಲು ಬಂದರೂ ಸರಿಯಲಿಲ್ಲ, ಭಾಯಿ ಊಟ, ಹಸಿವಿಲ್ಲ, ಭಾಯಿ ನಮಾಜಿಗಿ ಹೋಗೂಣ ಬರ್ರಿ, ನೀ ಹೋಗು, ಭಾಯಿ ಏನ್ ವಿಚಾರ ಮಾಡಾಕತ್ತೀರಿ, ಏನೂ ಇಲ್ಲ, ವಿಚಾರನೂ ಬರವಲ್ದು ಇಸಾಕ, ಒಳಗ ಎಲ್ಲ ಬಂದ್ ಆಗ್ಯಾದ. ಆಮೇಲೆ ದಿನವೂ ದವಾಖಾನೆ, ತಲೆ, ಹೊಟ್ಟೆ, ಬೆನ್ನು, ನಿದ್ದೆ ಇಲ್ಲ, ಕೈ ಜೋಮು, ಪಾಳಿ ಹಚ್ಚಿ ಬರುತ್ತಿದ್ದ, ಹಳೆಯ ಡಾಕ್ಟರು ಎರಡು ಸಲ ನೋಡಿ ಏನೂ ಇಲ್ಲ, ಮನಸ್ಸಿಗೆ ಹಚ್ಚಿಕೊಂಡಾರ, ಗಟ್ಟಿ ಆಗ್ಬೇಕು ಅಂದರು, ಅದೇ ಮಾತು ಇಸಾಕನಿಗೂ ಸಾಕಾಯಿತು, ಮನಸ್ಸಿನದು, ಅಂದರೆ ಸುಳ್ಳು, ಅಂದರೆ ಬರಿಯ ನೆಪ, ಪಾಳಿಯಲ್ಲಿದ್ದವರು ಕಂಪೌಂಡರ್ ಸಾಬರ ಅಣ್ಣಗ ತಲಿ ಕೆಟ್ಟದ ಅಂತ ಪಿಸುಗುಟ್ಟುವುದು ಕಿಟಕಿಯ ಈಚೆಗೂ ಕೇಳುತ್ತಿತ್ತು, ಖರೆ ಹೇಳಬೇಕೆಂದರೆ ನಾಚಿಕೆ, ಒಡಹುಟ್ಟಿದವನನ್ನು ಕಂಡು ನಾಚಿಕೆ.

ಆ ದಿನವೂ ಇಷ್ಟೇ ಬಿಸಿಲು, ರಾಜ್ಯದ ಹೆಸರು ಇನ್ನೂ ಮೈಸೂರು ಎಂದೇ ಇದ್ದ ವರ್ಷ, ಪಾಳಿ ಬೇವಿನ ಮರದವರೆಗೂ ಇತ್ತು, ಅಣ್ಣನ ಪಾಳಿ ಬಂದಾಗ ಮುಖ ಬೂದಿ ಹಚ್ಚಿದಂತೆ, ತುಟಿ ಒಣಗಿದೆ, ಇಸಾಕ, ಎದಿ ಮ್ಯಾಲ ಫರಸಿ ಹೇರ್ಯಾರ, ಇಲ್ಲಿ, ಇಲ್ಲಿಂದ ಹಿಂಗ ಕೈಯಾಗ ಇಳಿಯಾಕತ್ತದ — ಯಾವ ಕೈ, ಎಡಗೈಯೋ ಬಲಗೈಯೋ, ಒಂಬತ್ತು ವರ್ಷದಿಂದ ಇದನ್ನೇ ನೆನೆಯುತ್ತಾನೆ, ಬಲಗೈ ತೋರಿಸಿದ್ದ ಎಂದುಕೊಂಡರೆ ನಿದ್ದೆ ಬಂದೀತು ಎಂದು ಎಷ್ಟೋ ಸಲ ಅಣ್ಣನನ್ನು ಆ ಕಿಟಕಿಯೆದುರು ನಿಲ್ಲಿಸಿ ಬಲಗೈ ಎತ್ತಿಸಲು ನೋಡುತ್ತಾನೆ, ಅಣ್ಣ ಎತ್ತುವುದಿಲ್ಲ, ಬಲಗೈಯಿಂದ ಎಡಗೈಯನ್ನೇ ಉಜ್ಜುತ್ತ ನಿಲ್ಲುತ್ತಾನೆ, ಎಡಗೈಯೇ, ಭುಜದಿಂದ ಕಿರುಬೆರಳಿನವರೆಗೆ, ಕಲಿಯುವಾಗ ಪುಸ್ತಕದಲ್ಲಿ ಮೊದಲು ಓದಿದ್ದೇ ಅದು — ಡಾಕ್ಟರು ಒಳಗಿದ್ದರು, ಕಿಟಕಿಯಿಂದ ಅವರ ಬಾಗಿಲಿಗೆ ಎಂಟು ಹೆಜ್ಜೆ, ಎಂಟೇ, ಆಮೇಲೆ ಎಷ್ಟೋ ಸಲ ಅಳೆದಿದ್ದಾನೆ, ಆದರೆ ಅಂದು ಗುಲಾಬಿ ಬಾಟಲಿಯೇ ಹತ್ತಿರವಿತ್ತು, ಸುರಿದ, ಬೆಂಡು ಹಾಕಿ ಮುಚ್ಚಿದ, ಅಣ್ಣನ ಕೈಗೆ ತುರುಕಿದ, ಹುಟ್ಟಿದಾಗಿನಿಂದ ರಿ ಹಚ್ಚಿ ಮಾತಾಡಿಸಿದ ಅಣ್ಣನಿಗೆ ಅವತ್ತು ಮೊದಲ ಸಲ ನೀ ಅಂದ, ಗಂಡಸು ಹೌದಿಲ್ಲೋ ನೀ, ಯಾರ ಹೇಣ್ತಿ ಸತ್ತಿಲ್ಲ, ದಿನಾ ಬಂದು ನನ್ನ ಮಾನ ಕಳೀಬ್ಯಾಡ, ಶಹಾಬಾದಕ ಹೋಗು, ಕೆಲಸ ಮಾಡು, ಎಲ್ಲ ನೆಟ್ಟಗಾಗ್ತದ. ಅಣ್ಣ ಹ್ಞೂಂ ಅಂದ. ಸಿಟ್ಟಿಲ್ಲ, ಬೇಜಾರಿಲ್ಲ, ಸಂತೆಯಲ್ಲಿ ದಾರಿ ಕೇಳಿ ತಿಳಿದುಕೊಂಡವನಂತೆ ಹ್ಞೂಂ ಅಂದು ಸ್ಟೇಷನ್ನಿನ ಕಡೆ ಹೊರಟ, ಶಹಾಬಾದದ ಗಾಡಿ ಬರಲು ಹೊತ್ತಿತ್ತು, ನೆರಳಿನ ಬೆಂಚಿನ ಮೇಲೆ ಕೂತ, ಒಂದು ಗಾಡಿ ಬಂದು ಹೋಯಿತು, ಇನ್ನೊಂದು ಬಂದು ಹೋಯಿತು, ಮುದುಕ ನಿದ್ದೆ ಹೋಗ್ಯಾನ ಅಂತ ಯಾರೂ ಎಬ್ಬಿಸಲಿಲ್ಲ, ಎರಡನೆಯ ಗಾಡಿ ಹೋದ ಮೇಲೆ ಪೋರ್ಟರ್ ರಾಮಲಿಂಗ ಭುಜ ಮುಟ್ಟಿ ನೋಡಿ ದವಾಖಾನೆಗೆ ಓಡಿ ಬಂದ, ಸಾಬ್ರ, ಸಾಬ್ರ, ನಿಮ್ಮ ಅಣ್ಣ. ಓಡಿದಾಗ ಕಂಡದ್ದು, ಎರಡೂ ಅಂಗೈ ತೊಡೆಯ ಮೇಲೆ ಬಿಚ್ಚಿಕೊಂಡಿವೆ, ಏನನ್ನೋ ಕೊಡುತ್ತಾರೆ ಅಂತ ಕಾದವನಂತೆ. ಎದೆ ಒಡೆದು ಸತ್ತ ಅಂದರು ಜನ, ಹೆಂಡತಿಯ ಚಿಂತೆಯಲ್ಲಿ ಸತ್ತ ಅಂದರು, ಭಾಳ ಪ್ರೀತಿ ಇತ್ತು ಅಂದರು, ದವಾಖಾನೆಯ ಕಿಟಕಿಯ ಮಾತು ಯಾರೂ ಎತ್ತಲಿಲ್ಲ, ಎತ್ತಿ ಬೈದಿದ್ದರೆ, ಒಬ್ಬರಾದರೂ ಕೊರಳಪಟ್ಟಿ ಹಿಡಿದಿದ್ದರೆ, ಆಶಾಬಿಗೂ ಹೇಳಲಿಲ್ಲ, ಹೇಳದ ಮಾತು ಒಳಗೆ ಕೂತು ಮೊದಲು ರೊಟ್ಟಿಯ ರುಚಿ ತಿಂದಿತು, ಆಮೇಲೆ ನಿದ್ದೆ, ಆಮೇಲೆ ಮಾತು, ಈದ್ ಹಬ್ಬದ ದಿನ ಹೊಸ ಅಂಗಿ ಹಾಕಿದರೆ ಬೇರೆಯವರದು ಹಾಕಿಕೊಂಡಂತೆ, ಎರಡು ವರ್ಷದಿಂದ ಮೆಟ್ಟಿಲು ಹತ್ತಿದರೆ ಏದುಸಿರು, ಬಡಿತ ತಪ್ಪುವುದು, ಎದೆ ಬಿಗಿಯುವುದು, ಪಕ್ಕದ ಕೋಣೆಯಲ್ಲೇ ಡಾಕ್ಟರ್ ಇದ್ದರೂ ತೋರಿಸಲಿಲ್ಲ, ಗುಲಾಬಿ ಬಾಟಲಿಯಿಂದ ತಾನೂ ಒಂದು ಗುಟುಕು ಕುಡಿಯುತ್ತಾನೆ, ಅಣ್ಣನಿಗೆ ಕೊಟ್ಟದ್ದೇ ತನಗೂ, ಅದಕ್ಕಿಂತ ಹೆಚ್ಚಿನದು ತನಗೇಕೆ.

ಸಾಬ್ರ, ಹಾಕ್ತೀರೋ ಇಲ್ಲೋ, ಅನಸುಬಾಯಿ ಕೂಗುತ್ತಿದ್ದಾಳೆ, ಬಾಟಲಿ ಇನ್ನೂ ಓರೆಯಾಗಿಯೇ ಇದೆ, ಹಣಮವ್ವನ ಹಣೆಯಲ್ಲಿ ಬೆವರು, ಕುಂಕುಮ ಹರಿದು ಮೂಗಿನವರೆಗೆ ಬಂದಿದೆ, ಹಾಕ್ರಿ ಸಾಬ್ರ, ಹೋಗ್ತೀನಿ, ಎಲ್ಲಾರಿಗೂ ತ್ರಾಸ ಆಗ್ಯಾದ ನನ್ನಿಂದ, ಎಂದಳು, ಹೋಗ್ತೀನಿ ಎಂದಳು, ಬಾಟಲಿಯನ್ನು ಇಟ್ಟ, ಅಥವಾ ಬಿಟ್ಟ, ಗಾಜು ಒಡೆದದ್ದು ಕೇಳಿಸಿತು, ಪೆಪ್ಪರ್‌ಮಿಂಟು ಇಡೀ ಕೋಣೆ ತುಂಬಿತು, ಕಾಲಿಗೆ ಅಂಟು, ಅವನು ಕಿಟಕಿಯ ಪಕ್ಕದ ಬಾಗಿಲು ತೆಗೆದು ಹೊರಗೆ ಬಂದು ಅವಳ ರಟ್ಟೆ ಹಿಡಿದಿದ್ದ, ಹೋಗಬ್ಯಾಡ ಯವ್ವಾ, ಒಳಗ ನಡಿ, ಡಾಕ್ಟರ್ ನೋಡ್ತಾರ, ಒಂದು ಹೆಜ್ಜೆ, ಎರಡು, ಅವಳು ನಿಂತಳು, ಉಸಿರಿಗಾಗಿ, ಮೂರು, ಅಲ್ಲಿ ಅವನೂ ನಿಂತ, ಪಾಳಿಯವರು ಏನೋ ಅನ್ನುತ್ತಿದ್ದರು, ಸುಮ್ಮನಿರ್ರಿ ಎಲ್ಲಾರೂ, ಎಂದು ಕೂಗಿದವನು ತಾನೇ, ಎಂಟು. ಡಾಕ್ಟರ್ ಹಮೀದಾಬೇಗಂ ಬಂದು ಆರು ತಿಂಗಳಾಗಿತ್ತು, ಅವನ ಮಗಳ ವಯಸ್ಸಿನವಳು, ಸ್ಟೆತಾಸ್ಕೋಪನ್ನು ಹಣಮವ್ವನ ಬೆನ್ನಿಗಿಟ್ಟು ಬಹಳ ಹೊತ್ತು ಕೇಳಿದಳು, ಕಾಲಿನ ಬಾವನ್ನು ಬೆರಳಿನಿಂದ ಒತ್ತಿದಳು, ಕುಳಿ ಬಿತ್ತು, ತುಂಬಲಿಲ್ಲ, ನಾಲಿಗಿ ಕೆಳಗ ಇದನ್ನ ಇಟ್ಕೋ ಅಜ್ಜಿ, ನುಂಗಬ್ಯಾಡ, ಎಂದು ಗುಳಿಗೆ ಇಟ್ಟು ಇವನ ಕಡೆ ತಿರುಗಿದಳು, ಎದಿ ಸೋತದ ಇವರದು, ಪುಪ್ಪುಸದಾಗ ನೀರು ತುಂಬ್ಯಾದ, ಇವತ್ತ ಗುಲಬರ್ಗಾಕ್ಕ ಹೋಗ್ಲೇಬೇಕು, ಎಷ್ಟು ದಿನದಿಂದ ಬರಾಕತ್ತಾರ? ನಾಕು ತಿಂಗಳು. ನನ್ನ ಕಡೆ ಯಾಕ ಕಳಿಸಿಲ್ಲ? ಮಗಳ ದುಃಖ, ಮನಸ್ಸಿಂದು ಅಂತ — ನಾನೇ ಮಿಕ್ಸ್ಚರ್ ಕೊಟ್ಟು ಕಳಿಸಿದೆ ಮೇಡಂ. ಅವಳು ಬೈಯುತ್ತಾಳೆ ಎಂದುಕೊಂಡ, ಬೈಯಲಿ, ಯಾರಾದರೂ ಬೈಯಲಿ, ಬೈಯಲಿಲ್ಲ, ದುಃಖನೂ ಖರೇನೇ ಇಸಾಕಸಾಬ್, ಊಟ ಹೋಗ್ತದ, ನಿದ್ದಿ ಹೋಗ್ತದ, ಹಿಂಗ ತಿಂಗಳಗಟ್ಟಲೆ ನಡದ್ರ ಎದಿ ಎಷ್ಟಂತ ತಡಕೋಬೇಕು, ಎದಿ ಬ್ಯಾನಿ ಅಂತ ಬಂದವರಿಗಿ ಮನಸ್ಸಿಂದು ಅಂತ ಹೇಳಿ ಕಳಿಸಬಾರದು, ಎರಡೂ ನೋಡಬೇಕು, ಅನ್ನುತ್ತ ಅನ್ನುತ್ತ ಅವಳ ಕಣ್ಣು ಇವನ ಅಂಗಿಯ ಮೇಲೆ ನಿಂತಿತು, ನೀವ್ಯಾಕ ಇಷ್ಟು ಬೆವತೀರಿ, ಕೈ ಕೊಡ್ರಿ, ಬೇಡವೆನ್ನುವಷ್ಟರಲ್ಲಿ ಮಣಿಕಟ್ಟು ಅವಳ ಬೆರಳಲ್ಲಿತ್ತು, ಒಂದು, ಎರಡು, ಮೂರು, ಅಣ್ಣ ಸುತ್ತಿಗೆ ನಿಲ್ಲಿಸಿ ಊದಿದ, ಇನ್ನೊಬ್ಬರ ಬೆರಳಿಗೆ ಅದು ಮೊದಲ ಸಲ ಸಿಕ್ಕಿಬಿತ್ತು, ಅವಳ ಹುಬ್ಬು ಗಂಟಾಯಿತು, ಯಾವಾಗಿಂದ ಹಿಂಗ? ಒಂಬತ್ತು ವರ್ಷ ಆತ್ರಿ. ಒಂಬತ್ತು ವರ್ಷದಿಂದ ನಾಡಿ ತಪ್ಪಾಕತ್ತದ? ನಾಡಿ ಎರಡು ವರ್ಷ ಆತು ಮೇಡಂ, ನಾ ಅಣ್ಣನ್ನ ಕಳಿಸಿ ಒಂಬತ್ತು ವರ್ಷ — ಎಂದವನಿಗೆ ಆಮೇಲೆ ನಿಲ್ಲಿಸಲು ಬರಲಿಲ್ಲ, ಗುಲಾಬಿ ಬಾಟಲಿ, ಎಡಗೈ, ನೀ ಅಂದದ್ದು, ಎರಡು ಗಾಡಿ, ಎಲ್ಲವೂ ಬಂತು, ನಿಂತಲ್ಲೇ, ಹಣಮವ್ವನ ಎದುರಿನಲ್ಲೇ, ಡಾಕ್ಟರ್ ಮಣಿಕಟ್ಟು ಬಿಡದೆ ಕೇಳಿದಳು, ಕೇಳಿ ಮುಗಿದ ಮೇಲೂ ಪರವಾಗಿಲ್ಲ ಅನ್ನಲಿಲ್ಲ, ಅಂದಿದ್ದರೆ ಅವನು ನಂಬುತ್ತಿರಲಿಲ್ಲ, ಮೇಜಿಗೆ ಹೋಗಿ ಹಣಮವ್ವನ ಚೀಟಿ ಬರೆದು ಹರಿದಿಟ್ಟಳು, ಇವನದೂ ಒಂದು ಬರೆದಳು, ದವಾಖಾನಿ ಜೀಪಿನ್ಯಾಗ ಇಬ್ಬರೂ ಹೋಗ್ರಿ, ನಿಮ್ಮ ಮನೀಗಿ ನಾ ಹೇಳಿ ಕಳಿಸ್ತೀನಿ, ಈಗ ನೀವು ಕಂಪೌಂಡರ್ ಅಲ್ಲ.

ಜೀಪಿನ ಹಿಂದೆ ಚಾಪೆ ಹಾಸಿ ದಿಂಬಿಗೆ ಒರಗಿಸಿದ್ದರು ಅವಳನ್ನು, ಮಲಗಿದರೆ ಉಸಿರು ಕಟ್ಟುತ್ತದೆ, ಇವನು ಪಕ್ಕದಲ್ಲಿ, ಮೊದಲ ಕುಲುಕಿಗೇ ಅವಳು ಹಿಡಿಯಲು ಏನೂ ಸಿಗದೆ ಇವನ ಅಂಗಿಯ ತೋಳು ಹಿಡಿದಳು, ಮಣಿಕಟ್ಟಿನ ಹತ್ತಿರ, ಗುಂಡಿಯ ಮೇಲೆ, ನೀಲಿ ಉಗುರಿನ ಮುಷ್ಟಿ, ಕಾಗಿಣಾ ನದಿಯ ಸೇತುವೆ ಬಂತು, ನೀರು ಕಲ್ಲುಗಳ ನಡುವೆ ಅಲ್ಲಲ್ಲಿ ಮಾತ್ರ, ಮುಷ್ಟಿ ಸಡಿಲಾಗಲಿಲ್ಲ, ಸಾಬ್ರ, ನಿಮಗೂ ಚೀಟಿ ಬರದಾರೇನ್ರಿ, ಹ್ಞೂಂ ಯವ್ವಾ, ನಿಮಗೂ ಇದೇ ಅದೇನು, ಇದೇ ಅದ, ಅವಳು ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡಳು, ಅಣ್ಣನ ಹೆಸರು ಏನಿತ್ರಿ, ಮಶಾಕ, ನನ್ನ ಮಗಳದು ಭೀಮವ್ವ, ಮೂರು ದಿನ ಬ್ಯಾನಿ ತಿಂದು ಹ್ವಾದಳು, ಕೂಸೂ ಹೋತು, ಒಬ್ಬರೂ ಆಕಿ ಹೆಸರು ಕೇಳಲಿಲ್ಲ ಸಾಬ್ರ, ಅಳಬ್ಯಾಡ ಅಂದ್ರು, ಎಲ್ಲಾರೂ ಅಷ್ಟೇ ಅಂದ್ರು. ಶಹಾಬಾದ, ರಸ್ತೆಯ ಎರಡೂ ಕಡೆ ಫರಸಿಗಳ ಒಟ್ಟು, ನಿಲ್ಲಿಸಿದ್ದು, ಮಲಗಿಸಿದ್ದು, ಬಿಸಿಲಲ್ಲಿ ಬೂದು ಬೂದು, ಖಣಿಯ ಕಡೆಯಿಂದ ಚಾಣದ ಸಪ್ಪಳ, ಅವನು ಕಿವಿ ಮುಚ್ಚಿಕೊಳ್ಳಬೇಕೆಂದು ಕೈ ಎತ್ತಲು ಹೋದ, ಒಂದು ಕೈ ಬರಲಿಲ್ಲ, ತೋಳು ಅವಳ ಮುಷ್ಟಿಯಲ್ಲಿತ್ತು, ಸಪ್ಪಳ ಕೇಳಿಸಿಕೊಂಡೇ ಹೋಗಬೇಕಾಯಿತು, ಠಣ್ ಠಣ್ ಠಣ್, ಭಾಯಿ, ಕುಂದ್ರಿ, ಬರಾಕತ್ತೀನಿ, ಎಂದನೋ, ಬರೂದಿಲ್ಲ ಎಂದನೋ, ಬಾಯಿಯಿಂದ ಸಪ್ಪಳವೇ ಬರಲಿಲ್ಲವೋ, ಎಡಭುಜದಿಂದ ಬಿಸಿಯಾದದ್ದೊಂದು ಮೊಣಕೈಗೆ ಇಳಿಯುತ್ತಿತ್ತು, ಅದು ಕಿರುಬೆರಳಿಗೆ ಬರುವಷ್ಟರಲ್ಲಿ ಗುಲಬರ್ಗಾ, ದವಾಖಾನೆಯ ಪೋರ್ಚು, ಎರಡು ಸ್ಟ್ರೆಚರ್, ಯಾರೋ ಇವನ ಅಂಗಿಯ ಎದೆಗುಂಡಿ ಬಿಚ್ಚುತ್ತಿದ್ದರು, ಎದೆಗೆ ತಣ್ಣಗಿನ ಲೋಹದ ಬಟ್ಟಲು ಹಚ್ಚುತ್ತಿದ್ದರು, ಯಂತ್ರದಿಂದ ಕಾಗದದ ಪಟ್ಟಿ ಹೊರಬರುತ್ತಿತ್ತು, ಎರಡು ತಾಸು ತಡ ಆಗಿದ್ರ ಮುದಿಕಿ ಉಳೀತಿದ್ದಿಲ್ಲ, ಸಾಬ್ರದೂ ಇವತ್ತೇ ಮುಗೀತಿತ್ತು, ಇಬ್ಬರನ್ನೂ ಬಾಜು ಬಾಜು ಹಾಕ್ರಿ, ಯಾರೋ ಯಾರಿಗೋ ಹೇಳುತ್ತಿದ್ದರು, ಅವನು ಕಿವಿಗೊಡಲಿಲ್ಲ, ಅವಳು ಉಳಿಯುತ್ತಾಳೆ ಎಂಬುದಷ್ಟೇ ಕೇಳಿಸಿತು, ಸಿಸ್ಟರ್ ಬಾಗಿ ತೋಳು ಬಿಡಿಸಲು ನೋಡಿದಳು, ಬಿಡು ಅಜ್ಜಿ, ಅವರಿಗಿ ಸೂಜಿ ಮಾಡಬೇಕು, ಬಿಡಲಿಲ್ಲ, ಒಂದು ಬೆರಳು ಎತ್ತಿದರೆ ಇನ್ನೊಂದು ಕೂರುತ್ತಿತ್ತು, ಬಿಡಿಸಬ್ಯಾಡ್ರಿ, ಎಂದ ಇಸಾಕ, ಆ ಕೈಗಿ ಮಾಡ್ರಿ, ಇದು ಇರಲಿ, ಸೂಜಿಯ ಮಂಪರಿಗೆ ಮಾಳಿಗೆ ದೂರ ಹೋಯಿತು, ಫ್ಯಾನಿನ ಸಪ್ಪಳ ದೂರ ಹೋಯಿತು, ಅಂಗಿಯ ತೋಳು ಮುದುರಿದೆ, ಗುಂಡಿ ಕಿತ್ತು ದಾರಕ್ಕೆ ಜೋತಾಡುತ್ತಿದೆ, ಅದರ ಮೇಲೆ ಮುಷ್ಟಿ, ಹೊಲದ ಮಣ್ಣು ಗೆರೆಗೆರೆಯಲ್ಲಿ ಕೂತ ಮುಷ್ಟಿ, ಮುಷ್ಟಿ —